ಒಳಜೇಬು

ಎದೆಯ ತುಂಡು ಯಾರಿಗೂ ಬೇಡ ಈ ಪೇಟೆಯಲ್ಲಿ.
ಕಾಲು ಮೊದಲು ಹೋಗುತ್ತದೆ, ಆಮೇಲೆ ರೆಕ್ಕೆ,
ಈಲಿ ಕೇಳಿಕೊಂಡು ಬರುವವರು ಬೇರೆಯೇ ಇದ್ದಾರೆ.
ಹನ್ನೊಂದು ಗಂಟೆಗೆ ಆಲಿಕುಟ್ಟಿಯ ಮರದ ಕೊರಡಿನ ಮೇಲೆ
ಉಳಿಯುವುದು ಬರೀ ಎದೆ.
‘ಒಣಗ್ತದೆ ಸೆವ್ರಿನ್ ಬಾಯಿ, ಅಗಿದರೆ ಮರದ ಪುಡಿ,
ಆಮೇಲೆ ನಾನು ಹೇಳಿಲ್ಲ ಅನ್ನಬೇಡಿ.’
ಮೂರು ಕೊಡು, ಎಲುಬು ತೆಗೆ, ಚರ್ಮ ಇರಲಿ ಅಂದೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಮೂವತ್ತೊಂದು ವರ್ಷ ಒಳಜೇಬು ಇಟ್ಟವಳು ನಾನು.
ಹೊರಗಿನಿಂದ ಕಾಣಬಾರದು, ಕೈ ಹಾಕಿದರೆ ತಳ ಸಿಗಬೇಕು.
ಚೂರಿಯ ತುದಿ ಪಕ್ಕದಿಂದ ಒಳಗೆ,
ಎಡ ಅಂಗೈ ಮೇಲೆ ಒತ್ತಿ, ಮೆಲ್ಲಗೆ,
ಆ ಬದಿಗೆ ತೂತು ಬಿತ್ತೋ
ಬಟ್ಟೆ ಹಾಳು, ಗಿರಾಕಿಯೂ ಹಾಳು.
ಬೋಜಮ್ಮನ ಮೊದಲನೆ ಕುಪ್ಯದಲ್ಲಿ ಹಾಗೇ ಆಗಿತ್ತು.
ಮದುವೆಗೆ ಎರಡು ದಿನ ಇತ್ತು, ರಾತ್ರಿಯೆಲ್ಲ ಬಿಚ್ಚಿಸಿದೆ.
ಅತ್ತಳು. ಬಿಚ್ಚಿದಳು. ಮತ್ತೆ ಹೊಲಿದಳು.

ಹಲಸಿನ ಬೀಜ ಬೇಯಿಸಿ, ಒಳಸಿಪ್ಪೆ ಕೆರೆದು,
ಬೆಳ್ಳುಳ್ಳಿ, ಹುರಿದ ಈರುಳ್ಳಿ, ಒಂದು ಹಿಡಿ ಕೊತ್ತಂಬರಿ,
ಕುಟ್ಟಿದ ಕರಿಮೆಣಸಿನ ಜೊತೆ ಹಿಸುಕಿ ತುಂಬಿದೆ.
ತುಂಬ ತುಂಬಬಾರದು, ಗೊತ್ತು.
ಆದರೂ ತುಂಬಿದೆ.
ದಾರ ಬಿಳಿ, ನಲವತ್ತರ ಹತ್ತಿ.
ಪಾಲಿಸ್ಟರ್ ಬೆಂಕಿಗೆ ಕರಗುತ್ತದೆ,
ಯಾರೂ ಹೇಳಿಕೊಟ್ಟದ್ದಲ್ಲ, ಇಸ್ತ್ರಿ ಕಲಿಸಿದ್ದು.
ಒಂದೊಂದಕ್ಕೆ ಏಳು ಹೊಲಿಗೆ.

ಇನ್ನು ಮೇಲಿನ ಬಣ್ಣ.
ಕಾಚಂಪುಳಿ ಬೋಜಮ್ಮನ ತಾಯಿ ಕಳಿಸಿದ್ದು
ಹೋದ ವರ್ಷ, ಔಷಧಿಯ ಬಾಟಲಿಯಲ್ಲಿ,
ಹಳೆ ಮಿಶನ್ನಿನ ಎಣ್ಣೆಯಷ್ಟು ಕಪ್ಪು.
ಜೇನು ಈ ವರ್ಷದ್ದು, ಕಾಫಿ ಹೂವಿನದು.
ಸೂಜಿಮೆಣಸು ಹನ್ನೆರಡು. ಹೆಸರು ಇಟ್ಟವನು ದರ್ಜಿಯೇ ಇರಬೇಕು.
ಕುದಿದು ಕುದಿದು ಸೌಟಿನ ಬೆನ್ನಿಗೆ ಅಂಟಿತು,
ಬೆರಳಲ್ಲಿ ಗೆರೆ ಎಳೆದರೆ ಗೆರೆ ನಿಂತಿತು.

ಕಾವಲಿಗೆ ಹಂದಿ ತುಪ್ಪ, ಚರ್ಮ ಕೆಳಗೆ.
ಚುರ್ ಅಂದದ್ದು ಪಕ್ಕದ ಜೆರಾಕ್ಸ್ ಅಂಗಡಿಗೂ ಕೇಳಿಸಿತಂತೆ.
ಉರಿ ತಗ್ಗಿಸಿ ಮುಚ್ಚಳ. ಕೊನೆಗೇ ಜೇನು ಸವರಬೇಕು,
ಮೊದಲೇ ಸವರಿದರೆ ಸಿಹಿ ಸುಟ್ಟು ಕಹಿ.
ಒಮ್ಮೆ ಸವರಿ, ಮಗುಚಿ, ಇನ್ನೊಮ್ಮೆ.
ಕೋಟಿನ ಒಳಗಿನ ಸ್ಯಾಟಿನ್ನಿನ ಹಾಗೆ
ಹೊಳೆಯಿತು, ಸುಳ್ಳು ಹೇಳುವುದಿಲ್ಲ.

ಅಷ್ಟು ಹೊತ್ತಿಗೆ ಬಂದಳು, ಕೈಯಲ್ಲಿ ಕರಪತ್ರ:
ನಾಳೆ ಹತ್ತಕ್ಕೆ ಉದ್ಘಾಟನೆ,
ರಸ್ತೆಯ ಆ ಕಡೆ, ಸರಿಯಾಗಿ ನನ್ನ ಕಿಟಕಿಗೆ ಎದುರು.
‘ಬಾಡಿಗೆ ಅಲ್ಲಿ ಮಾತ್ರ ಕಡಿಮೆ ಸಿಕ್ಕಿತು ಅಕ್ಕಾ.’
ಕೂತ್ಕೋ ಅಂದೆ. ಅಕ್ಕಿ ಒಟ್ಟಿ ಬಿಸಿ ಇತ್ತು.
ದಾರ ಎಳೆದು, ಅಡ್ಡ ಕೊಯ್ದು ಇಟ್ಟೆ.
ಬಿಳಿ ಮಾಂಸದ ನಡುವೆ ಹಸಿರು ಬೀಜದ ವೃತ್ತ.
ಅವಳು ತಿಂದಳು, ಹುಬ್ಬು ಏರಿತು, ಮೂಗು ಸೋರಿತು,
ನೀರು ಕುಡಿದು ಮತ್ತೆ ತಿಂದಳು.
ಆಮೇಲೆ ನಿಲ್ಲಿಸಿ
ಹಲ್ಲಿನ ಸಂದಿಯಿಂದ ಎರಡು ಬೆರಳಲ್ಲಿ
ಅರ್ಧ ಗೇಣು ದಾರ ಎಳೆದಳು,
ಬೆಳಕಿಗೆ ಹಿಡಿದಳು,
ನನ್ನದೇ ಧ್ವನಿ ತೆಗೆದು ಹೇಳಿದಳು:
‘ಇದೇನು? ಕಣ್ಣು ಎಲ್ಲಿತ್ತು?’

ಹದಿನಾಲ್ಕು ವರ್ಷದಲ್ಲಿ ನಾನು
ಎಷ್ಟು ಸಲ ಹೇಳಿದ್ದೆನೋ ಅದನ್ನು.
ನಗು ಬಂದು ಇಬ್ಬರಿಗೂ ಖಾರ ನೆತ್ತಿಗೇರಿತು.
ದಾರವನ್ನು ತಟ್ಟೆಯ ಅಂಚಿಗೆ ಸುತ್ತಿಟ್ಟಳು.
ಕುಪ್ಯದ ಮಾತು ಯಾರೂ ಎತ್ತಲಿಲ್ಲ.

ಮೂರನೆಯದು ಕಾವಲಿಯಲ್ಲೇ ಉಳಿಯಿತು.
ಬೆಳಿಗ್ಗೆ ಜೇನು ಗಟ್ಟಿಯಾಗಿ ಗಾಜಾಗಿತ್ತು.
ಕಿಟಕಿಯಲ್ಲಿ ನಿಂತು ತಣ್ಣಗೇ ಕಚ್ಚಿದೆ.
ಆಲಿಕುಟ್ಟಿಗೆ ಹೇಳಬೇಕು, ಒಣಗಿಲ್ಲ.
ಎದುರು ಅವಳ ಶಟರ್
ಅರ್ಧ ಏರಿ ಸಿಕ್ಕಿಕೊಂಡಿತ್ತು,
ಹೊಸ ಸೀರೆ ಉಟ್ಟು, ಹಿಂದಿನ ನೆರಿಗೆ ಸಡಿಲಾಗುವಷ್ಟು
ಜಗ್ಗುತ್ತಿದ್ದಳು.
ಮಿಶನ್ನಿನ ಎಣ್ಣೆ ಡಬ್ಬಿ ಹಿಡಿದು ಮೆಟ್ಟಿಲಿಳಿದೆ,
ನಾಲಿಗೆಯ ಮೇಲೆ ಸೂಜಿಮೆಣಸು
ಆಗಷ್ಟೇ ಏಳುತ್ತಿತ್ತು.