ಎರಡು ಸೆಕೆಂಡು

ಮಡಚಿದರೆ ಮಲಗುತ್ತದೆ. ತೆರೆದರೆ ಏಳುತ್ತದೆ.
ಎದ್ದಮೇಲೆ ಮಾತ್ರ ತಾನು ಯಾವೂರಲ್ಲಿದ್ದೇನೆಂದು ಗೊತ್ತಿರುವುದಿಲ್ಲ.

ಫ್ಯಾರೋ ದ್ವೀಪಗಳಲ್ಲಿ ಜೂನ್ ತಿಂಗಳು ಕಣ್ಣು ಮುಚ್ಚುವುದೇ ಇಲ್ಲ,
ನಮ್ಮ ತೂಕದ ಕೋಣೆಯಲ್ಲಿ ನಿದ್ದೆಯ ಯೋಗ ಇರುವುದು
ಈ ಲ್ಯಾಪ್‌ಟಾಪ್ ಒಂದಕ್ಕೇ.
ದೋಣಿಗೂ ದೋಣಿಗೂ ನಡುವೆ ಮುಕ್ಕಾಲು ಗಂಟೆ,
ಬ್ಯಾಟರಿ ಮುದಿ, ಮೇಲೆ ಉಪ್ಪುಗಾಳಿ,
ಮಡಚಿಡದೆ ವಿಧಿಯಿಲ್ಲ.
ಮತ್ತೆ ತೆರೆದಾಗ ಮೂಲೆಯ ಆ ಪುಟ್ಟ ಬೀಸಣಿಗೆ
ಬೂದಿ ಬಣ್ಣ.
ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ.
ರೌಟರೋ, ನನ್ನ ತಲೆಯ ಮೇಲೇ,
ಕೈಯೆತ್ತಿದರೆ ಸಿಗುವ ಮೊಳೆಯಲ್ಲಿ, ಒದ್ದೆ ಕೈಗವಸುಗಳ ಪಕ್ಕ,
ಹಸಿರು ಕಣ್ಣು ಮಿಟುಕಿಸುತ್ತ: ಇಲ್ಲಿದ್ದೇನೆ, ಇಲ್ಲೇ ಇದ್ದೇನೆ.

ಆರಕ್ಕೆ ಹರಾಜು. ಅಷ್ಟರೊಳಗೆ ಲೆಕ್ಕ ಹೋಗಿ ಸೇರಬೇಕು.
ಹ್ಯಾಡಕ್ ನಾನೂರ ಹನ್ನೆರಡು, ಕಾಡ್ ಒಂಬೈನೂರ ಆರು—
ತಲುಪದ ಅಂಕಿ ಹಿಡಿಯದ ಮೀನಿಗೆ ಸಮ.
ಪೂರ್ತಿ ಆರಿಸಿ ಮತ್ತೆ ಹಚ್ಚುತ್ತೇನೆ, ಪ್ರತಿ ಸಲ ಮೂರು ನಿಮಿಷ.
ಹೊರಗೆ ಕ್ರೇನಿನವನ ಸಿಳ್ಳೆ.

ರೂನಾಳನ್ನು ಕರೆಸಿದೆ. ತಂಗಿಯ ಮಗಳು, ಹದಿನೇಳು.
ಹೊಸ ವಿಂಡೋಸ್ ಒಲ್ಲೆನೆಂದ ಈ ಮುದಿಗೆ
ಲಿನಕ್ಸ್ ಹಾಕಿಕೊಟ್ಟವಳು ಅವಳೇ, ಪಾಪವೂ ಅವಳದೇ.
ಗಾಳಿಗೆ ಒಣಗಿಸಿದ ಕುರಿಮಾಂಸದ ಚೂರು ಅಗಿಯುತ್ತ
ಮೊದಲು ಅದರ ವಿದ್ಯುತ್ ಉಳಿಸುವ ಚಾಳಿ ಬಿಡಿಸಿದಳು. ಊಹೂಂ.
ಜಾಲ ನೋಡಿಕೊಳ್ಳುವ ಸೇವೆಯನ್ನು ಕೆಡವಿ ಎಬ್ಬಿಸಿದಳು.
ಒಮ್ಮೆ ಆಯಿತು, ಎರಡು ಸಲ ಇಲ್ಲ.
ಒಮ್ಮೆ ಆಗುವುದು ಇನ್ನೂ ಕೆಟ್ಟದ್ದು, ಎಂದಳು.
ಕೊನೆಗೆ ಕಪ್ಪು ಪರದೆ ತೆರೆದು ಅದರ ದಿನಚರಿ ಓದಿದಳು,
ನಮ್ಮಜ್ಜಿ ಪ್ರಾರ್ಥನೆಯ ಪುಸ್ತಕ ಓದುತ್ತಿದ್ದ ಹಾಗೆ, ಬೆರಳಿಟ್ಟು:
ಮಲಗುತ್ತಿದ್ದೇನೆ. ಎದ್ದೆ.
ಕಾರ್ಡು ಮಾತಾಡುತ್ತಿಲ್ಲ.
ಕಾರ್ಡು ಮಾತಾಡುತ್ತಿಲ್ಲ.

ನೋಡು ದೊಡ್ಡಮ್ಮ, ಇದು ಏನನ್ನೂ ಮರೆತಿಲ್ಲ, ಎಂದಳು.
ಹಳೆಯದನ್ನೇ ಹಿಡಿದು ಕೂತಿದೆ.
ಮಲಗುವ ಮುಂಚೆ ಅರ್ಧಕ್ಕೆ ನಿಂತ ಮಾತಿಗೆ
ಇನ್ನೂ ಉತ್ತರ ಕಾಯುತ್ತಿದೆ.

ಆರು ಸಾಲು ಬರೆದಳು.
ಮಲಗುವ ಮುಂಚೆ ಡ್ರೈವರನ್ನು ಹೊರಗೆ ಕಳಿಸು.
ಎದ್ದಮೇಲೆ ಎರಡು ಸೆಕೆಂಡು ಸುಮ್ಮನಿರು.
ಆಮೇಲೆ ಒಳಗೆ ಕರೆ,
ಎಂದೂ ಕಂಡಿರದವನನ್ನು ಕರೆಯುವ ಹಾಗೆ.

ಮಡಚಿದೆವು. ತೆರೆದೆವು. ಬೂದಿ.
ಹಣೆ ಚಚ್ಚಿಕೊಂಡಳು ಹುಡುಗಿ:
ಬರೆದದ್ದೇನೋ ಸರಿ, ಓಡಲು ಅಪ್ಪಣೆಯನ್ನೇ ಕೊಟ್ಟಿಲ್ಲ.
ಕೊಟ್ಟಳು.
ಮಡಚಿದೆವು. ತೆರೆದೆವು. ಒಂದು, ಎರಡು—
ಬೀಸಣಿಗೆ ಬಿಚ್ಚಿಕೊಂಡಿತು, ಗೆರೆಗೆರೆಯಾಗಿ.

ಅವಳು ಹೋದಳು, ಮಾಂಸದ ಪೊಟ್ಟಣ ಇಲ್ಲೇ ಮರೆತು.

ಐದೂ ಕಾಲಿಗೆ ಟೋರ್ಕಿಲನ ದೋಣಿ.
ಹನ್ನೊಂದು ವರ್ಷದ ಹಿಂದೆ, ಹದಿನೇಳು ಕಿಲೋ.
ಮಂಜುಗಡ್ಡೆಯ ತೂಕ ಎಂದು ನಾನು ಕಳೆದೆ,
ಕಳ್ಳ ತಕ್ಕಡಿ ಎಂದು ಅವನು ಕೂಗಿದ, ಎಲ್ಲರೂ ಕೇಳುವಂತೆ.
ಅಂದಿನಿಂದ ಗಾಜಿನ ಕೆಳಗಿನ ಸಂದಿಯಲ್ಲಿ ಚೀಟಿ ಬರುತ್ತದೆ,
ಸಹಿಯಾಗಿ ಹೋಗುತ್ತದೆ.
ಆ ಹದಿನೇಳಕ್ಕೆ ತಕ್ಕ ಉತ್ತರವೊಂದನ್ನು
ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ
ನಾನೂ ಎಷ್ಟು ಸಲ ಮಲಗಿಲ್ಲ, ಎದ್ದಿಲ್ಲ.

ಚೀಟಿ ಬಂತು. ಲ್ಯಾಪ್‌ಟಾಪ್ ತೆರೆದೆ.
ಆ ಎರಡು ಸೆಕೆಂಡು ಮಾಡಲು ಬೇರೇನೂ ಇರಲಿಲ್ಲ.
ಗಾಜು ಸರಿಸಿ ಹೇಳಿದೆ:
ನಾನು ಮಾರ್ಯುನ್. ಇಲ್ಲಿ ತೂಕ ಹಾಕುತ್ತೇನೆ.

ಹುಚ್ಚು ಹಿಡಿದವಳನ್ನು ನೋಡುವಂತೆ ನೋಡಿದ.
ಟೋಪಿಯಂಚಿನ ನೀರು ಮೇಜಿಗೆ ತೊಟ್ಟಿಕ್ಕಿತು.
ಗೊತ್ತು, ಎಂದ. ಕೆಮ್ಮಿದ.
ಹ್ಯಾಡಕ್ ಐನೂರ ಅರವತ್ತು, ಎಂದ, ಚೀಟಿಯಲ್ಲಿ ಬರೆದಿದ್ದರೂ.
ಆಮೇಲೆ, ಬಾಗಿಲ ಕಡೆ ತಿರುಗಿಕೊಂಡು,
ಮಂಜುಗಡ್ಡೆ ಬಿಟ್ಟು.