ನಿನ್ನೆ ಏನು ಉಂಡಿರಿ

ಚೀಲದಲ್ಲಿ ಮೂರು ಅಳತೆಯ ಚಮಚ, ಒಂದು ಸ್ಟೀಲ್ ಲೋಟ,
ಸೊಂಟ ಸುತ್ತುವ ಟೇಪು, ಬಿ.ಪಿ. ಮೆಷಿನ್ನು,
ಹೃದಯದ ಸರ್ವೆಯ ನಲವತ್ತಾರು ಫಾರ್ಮು.
ಮಂಜೇಶ್ವರದಿಂದ ಮೊಗ್ರಾಲ್ ತನಕ ನನ್ನ ಪಾಲು.
ಪ್ರಶ್ನೆ ಮಾತ್ರ ಒಂದೇ:
ನಿನ್ನೆ ಏನು ಉಂಡಿರಿ?

ಒಂದು ಜಗಲಿಯಲ್ಲಿ ಅದನ್ನು ಕೋಡೆ ಅನ್ನಬೇಕು,
ಬೇಲಿ ದಾಟಿದರೆ ಇನ್ನಲೆ,
ಬೇಳದ ಇಗರ್ಜಿಯ ಹಿಂದೆ ಕಾಲ್.
ಉಪ್ಪಳದ ಮೆಹರೂಬಿಗೆ ಕಲ್ ಎಂದೆ.
"ಯಾವ ಕಲ್? ಹೋದದ್ದೋ, ಬರುವುದೋ?
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು" ಎಂದು ನಕ್ಕಳು.
ಅವಳ ಬಿ.ಪಿ. ನೂರ ಎಪ್ಪತ್ತೆರಡು.
ಚೀಟಿ ಬರೆದುಕೊಟ್ಟೆ, ಆಸ್ಪತ್ರೆಗೆ ಹೋಗು ಮಾರಾಯ್ತಿ.
"ಕಲ್" ಎಂದಳು.

ರತ್ನಾಬಾಯಿ ಶೆಣೈ: ಅನ್ನ, ದಾಳಿತೋಯ, ಹಪ್ಪಳ ಎರಡು.
ಪೆನ್ನು ಎತ್ತಿದ ಮೇಲೆ ಮೆಲ್ಲನೆ, ನಾಲ್ಕು.
ತೆಂಗಿನೆಣ್ಣೆ ಎಷ್ಟು ಚಮಚ?
ನನ್ನ ಚಮಚವನ್ನು ತಿರುಗಿಸಿ ಮುರುಗಿಸಿ ನೋಡಿ
ಮೊಮ್ಮಗುವಿನ ಕೈಗೆ ಆಡಲು ಕೊಟ್ಟರು.
ಆಯಿಸುಮ್ಮ: ಮದುವೆಮನೆಯಿಂದ ಕಟ್ಟಿ ತಂದ ನೆಯ್ಚೋರು,
ಬೆಳಿಗ್ಗೆಯೂ ಅದೇ, ಬಿಸಿ ಮಾಡಿ.
ಸಿಸಿಲ್ ಬಾಯಿ: ಸಾನ್ನಾ, ಹಂದಿಮಾಂಸದ ಬೆಳ್ಳಗಿನ ಭಾಗ.
"ಪಾದ್ರಿಗೆ ಹೇಳಿಯೇನು, ಡಾಕ್ಟರಿಗೆ ಹೇಳಬೇಡ."
ತಂಬಾಯಿ: ಗಂಜಿ, ಸುಟ್ಟ ಒಣಬಂಗುಡೆ.
ಉಪ್ಪು ಎಷ್ಟು?
"ಸಮುದ್ರವನ್ನು ಕೇಳು."

ಊಟದ ಹೊತ್ತಿಗೂ ಒಂದು ಚೌಕವಿದೆ ಫಾರ್ಮಿನಲ್ಲಿ.
ಎಷ್ಟು ಗಂಟೆಗೆ ಉಂಡಿರಿ ಎಂದರೆ
ಯಾರೂ ಗಡಿಯಾರ ನೋಡಲಿಲ್ಲ.
ಅವರದ್ದೆಲ್ಲ ಆದ ಮೇಲೆ,
ಎಂದರು ಐದು ಭಾಷೆಯಲ್ಲಿ.
ನಾನು ಅಲ್ಲೊಂದು ನಕ್ಷತ್ರ ಹಾಕಿದೆ.
ಕಂಪ್ಯೂಟರಿನ ಹುಡುಗ ಫೋನು ಮಾಡಿದ:
"ಮೇಡಂ, ನಕ್ಷತ್ರಕ್ಕೆ ಕೋಡ್ ಇಲ್ಲ."
ಅಳಿಸು ಎಂದೆ.

ಸೇಸಕ್ಕನ ಫಾರ್ಮು ಮೂವತ್ತೊಂದನೆಯದು.
ಮಡಿಲಲ್ಲಿ ಸೂಪು, ಸೂಪಿನಲ್ಲಿ ಬೀಡಿ ಎಲೆ,
ಬೆರಳು ನಿಲ್ಲದೆ ಉತ್ತರ:
ಚಹಾ. ಮತ್ತೆ ಚಹಾ. ಗಂಜಿ, ಉಪ್ಪಿಗೆ ಹಾಕಿದ ಹಲಸಿನ ಸೊಳೆ.
ನಡುನಡುವೆ ಎಲೆಯಡಿಕೆ.
ನಲವತ್ತೊಂದು ಕಿಲೋ. ಸೊಂಟಕ್ಕೆ ಟೇಪು ಸುತ್ತಿಯೂ ಉಳಿಯಿತು.
ಚಾರ್ಟಿನಲ್ಲಿ ಅವಳ ಬಣ್ಣ ಹಸಿರು.
ನೀವು ಪಾಸು ಸೇಸಕ್ಕ, ಎಂದೆ.
"ಈ ದವಡೆ ಒಂದು ಸೆಳೆಯುತ್ತದೆ, ಬೆನ್ನಿನವರೆಗೆ.
ಬಗ್ಗಿ ಕೂತು ಕೂತು."
ಹೌದು, ಬೀಡಿಯದ್ದೇ, ಎಂದೆ.
ನಾನೇ ಎಂದದ್ದು.
ಅವಳೇನೂ ನನ್ನನ್ನು ಒಪ್ಪಿಸಿರಲಿಲ್ಲ.

ಗ್ಯಾಸು ಎಂದು ಶುಂಠಿ ಸೋಡಾ ಕುಡಿಸಿದರಂತೆ.
ಒಂದು ಗಂಟೆ ಮಲಗಿಸಿದರಂತೆ.
ಕಾರು ಮಂಗಳೂರಿನ ಕಡೆ ಹೊರಟಿತ್ತು,
ತಲಪಾಡಿ ಬರಲಿಲ್ಲ.

ಬೊಜ್ಜಕ್ಕೆ ಹೋದೆ.
ಒಳಕೋಣೆಯಲ್ಲಿ, ಯಾರೂ ಕೂರುವ ಮೊದಲು,
ಒಂದೇ ಒಂದು ಬಾಳೆಲೆ.
ಕುಚ್ಚಲಕ್ಕಿ ಅನ್ನ, ಕೋಳಿ, ಬಂಗುಡೆ,
ತುಂಬಿದ ಲೋಟ ಚಹಾ, ಎಲೆಯಡಿಕೆ.
ಗಂಡಸರು ಹೊರಗೆ ಕಾದು ನಿಂತಿದ್ದರು.
ಬಾಗಿಲು ಎಳೆದುಕೊಂಡರು, ಅವಳು ನಿಧಾನ ಉಣ್ಣಲಿ ಎಂದು.
ಅನ್ನದ ಆವಿ ಬಾಗಿಲ ಸಂದಿಯಿಂದ ಬರುತ್ತಿತ್ತು.
ಅವಳಿಗೆ ಬಡಿಸಿದ ಹೊತ್ತು: ಎಲ್ಲರಿಗಿಂತ ಮೊದಲು.
ನಾನು ಎಲ್ಲಿಯೂ ಬರೆಯಲಿಲ್ಲ.

ಎರಡನೇ ಸುತ್ತು ಶುರುವಾಗಿದೆ.
ಅದೇ ಚೀಲ. ರತ್ನಾಬಾಯಿಯವರ ಮೊಮ್ಮಗು
ಒಂದು ಚಮಚ ಹಿಂದೆ ಕೊಟ್ಟಿಲ್ಲ.
ಈಗ ಊಟದ ಸುದ್ದಿಗೆ ಮೊದಲು ಕೇಳುತ್ತೇನೆ,
ದವಡೆ? ಬೆನ್ನು? ಮೆಟ್ಟಿಲು ಹತ್ತಿದರೆ ಉಬ್ಬಸ?
ನಗುತ್ತಾರೆ. ಗಂಡನ ಜೊತೆ ಮಾತಾಡಿ ಮಾತಾಡಿ
ದವಡೆ ನೋಯದೆ ಏನು, ಎನ್ನುತ್ತಾರೆ.

ಮೆಹರೂಬಿ ನಗಲಿಲ್ಲ.
ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು,
ನನ್ನ ಹಳೆಯ ಚೀಟಿ ಕ್ಯಾಲೆಂಡರಿನ ಮೊಳೆಯಲ್ಲೇ ಇತ್ತು.
ನೋವು ಯಾವಾಗಿನಿಂದ?
"ಕಲ್."
ಆಸ್ಪತ್ರೆಗೆ ಯಾವಾಗ?
"ಕಲ್."
ಚೀಲ ಅಲ್ಲೇ ಬಿಟ್ಟು
ರಸ್ತೆಗಿಳಿದು ಆಟೋಗೆ ಕೈ ಮಾಡಿದೆ.