ಎಡಗಾಲ ಹಿಮ್ಮಡಿ

ಆ ಯಂತ್ರ ಆಚೆಗಿಡು ಮಗನೇ, ಮೊದಲು ಖಾವಾ ಕುಡಿ.
ಅರಮನೆಯ ಚರಿತ್ರೆ ಕಚೇರಿಯವನು ನೀನು,
ತಾರೀಖು ಕೇಳುತ್ತೀ. ನನ್ನ ಹತ್ತಿರ ತಾರೀಖಿಲ್ಲ.
ಅಕ್ಷರ ಬಾರದು, ಹೆಜ್ಜೆ ಬರುತ್ತದೆ:
ಬಸುರಿ ಒಂಟೆ ಯಾವುದು, ಒಕ್ಕಣ್ಣಿನದು ಯಾವುದು,
ಹೊರೆ ಹೊತ್ತವನ ಹಿಮ್ಮಡಿ
ಎಷ್ಟು ಬೆರಳು ಇಳಿಯುತ್ತದೆ.
ಕಳೆದ ಮೇಕೆ ಹುಡುಕುತ್ತ ನನ್ನ ತಾಯಿ ಕಲಿಸಿದ್ದು.

ಗಾನಿಮ್ ಬಿನ್ ಧಾರಿಯನ್ನು
ಮುಖ ನೋಡುವ ಮೊದಲೇ ಬಲ್ಲೆ.
ಅವನ ಅಪ್ಪ ಊರು ಕಳೆದುಕೊಂಡ ವರ್ಷ,
ಉಪ್ಪುನೆಲದ ಅಂಚಿನಲ್ಲಿ ಬರಿಗಾಲ ಹುಡುಗನೊಬ್ಬನ ಜಾಡು.
ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ,
ಎಡ ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ.
ಮುಳ್ಳು ಮುರಿದು ಒಳಗೇ ಉಳಿದಿತ್ತು.
ಕೊನೆಯವರೆಗೂ ತೆಗೆಸಲಿಲ್ಲ, ಯಾಕೆಂದು ನನ್ನ ಕೇಳಬೇಡ.
ಹದಿಮೂರು ಹೆಜ್ಜೆ ಉತ್ತರಕ್ಕೆ ನಡೆದು
ನಿಂತಿದ್ದ. ಮತ್ತೆ ವಾಪಸು.
ಉತ್ತರದಲ್ಲಿ ಅವನ ಊರಿತ್ತು.

ಖಶೀಬಾ ಕೋಟೆ ಬಿದ್ದ ಬೆಳಿಗ್ಗೆ
ಗೋಡೆಗೆ ಒರಗಿಸಿದ ಖರ್ಜೂರದ ಕಾಂಡ,
ಬುಡದಲ್ಲಿ ಮೂವತ್ತೆಂಟು ಜನರ ತುದಿಗಾಲು,
ಎಲ್ಲಕ್ಕಿಂತ ಮುಂದೆ ಆ ಉದ್ದ ಬೆರಳು.
ಬಾಗಿಲಿನಿಂದ ನಡೆದು ಹೊರಬಂದವರು ಇಪ್ಪತ್ತೊಂಬತ್ತು.
ನಿನ್ನ ಪುಸ್ತಕದಲ್ಲಿ ನಲವತ್ತು ಅಂತಿರಬಹುದು, ಇರಲಿ,
ದುಂಡಗಿನ ಸಂಖ್ಯೆ ಬಾಯಿಪಾಠಕ್ಕೆ ಸುಲಭ.

ಆಮೇಲೆ ಎಷ್ಟೋ ಡೇರೆಗಳ ಬಾಗಿಲಲ್ಲಿ ಆ ಜಾಡು ಕಂಡೆ.
ಈ ಬುಡಕಟ್ಟಿನ ಮಗಳು, ಆ ಬುಡಕಟ್ಟಿನ ವಿಧವೆ.
ಕತ್ತಿ ಹರಿದದ್ದನ್ನು ಮದುವೆ ಹೊಲಿಯಿತು.
ಗಜ್ವಾ ಎಂಬಾಕೆ ಮೂರೇ ತಿಂಗಳಿಗೆ ತವರಿಗೆ ಹೊರಟಳು,
ಅವಳ ಹೆಜ್ಜೆ ಎಲ್ಲೂ ತಿರುಗಿ ನಿಂತಿಲ್ಲ.
ಅವನದು ಬಾವಿಯವರೆಗೂ ಹಿಂದೆ ಹೋಗಿತ್ತು.

ಇನ್ನು ಹೇಳುವುದನ್ನು ಬೇಕಾದರೆ ಬರೆದುಕೋ, ಬೇಡವಾದರೆ ಬಿಡು.
ಅವನನ್ನು ಗೆಲ್ಲಿಸಿದವರೇ ಅವನ ಮೇಲೆ ತಿರುಗಿಬಿದ್ದರು.
ಗಡಿ ಎಂಬ ಗೆರೆ ಅವರ ತಲೆಗೆ ಹೋಗಲಿಲ್ಲ;
ಮಳೆ ಬಿದ್ದ ಕಡೆಗೆ ಒಂಟೆ ಹೋಗುತ್ತದಲ್ಲ.
ಹಿಡಿಯಬೇಕು, ಜಾಡು ತೋರಿಸು ನಾಹಿಸ್, ಅಂದ.
ಎರಡು ದಿನ ಮುಂದೆ ನಡೆದೆ.
ಮೂರನೆಯ ದಿನ, ಒಣಗಿದ ಹಳ್ಳದಲ್ಲಿ,
ಬಲಗಾಲ ಕಿರುಬೆರಳಿಲ್ಲದ ಹೆಜ್ಜೆ.
ನನ್ನ ತಮ್ಮ ದುಖಾಯಿಲ್.
ಬೆರಳು ಹೋದಾಗ ಕೊಡಲಿ ನನ್ನ ಕೈಯಲ್ಲಿತ್ತು.

ಗಾಳಿ ತಿಂದುಹಾಕಿದೆ, ಅಂದೆ.
ಅಂದು ಮುಳ್ಳುಕಂಟಿಯೂ ಅಲುಗುತ್ತಿರಲಿಲ್ಲ.
ಗಾನಿಮ್ ಒಂಟೆಯಿಂದಿಳಿದ. ನೆಲ ನೋಡಿದ, ನನ್ನ ನೋಡಿದ.
ನಡೆದು ಬಂದು ಸರಿಯಾಗಿ ಅದರ ಮೇಲೆ ಕಾಲಿಟ್ಟು ನಿಂತ.
"ಹೌದು, ಗಾಳಿ."
ಆ ಒಂದು ಸಲ ಎಡ ಹಿಮ್ಮಡಿ ಪೂರ್ತಿ ಊರಿತ್ತು.

ಮುಂದಿನ ವಾರ ಮೋಟಾರುಗಳು ಬಂದವು, ನೆತ್ತಿಯ ಮೇಲೆ ಬಂದೂಕು ಹೊತ್ತು.
ಅವಕ್ಕೆ ಜಾಡುಗಾರ ಬೇಕಿರಲಿಲ್ಲ.
ದುಖಾಯಿಲನನ್ನು ಹೂಳಲು ಹೋದವನು ನಾನೊಬ್ಬನೇ.

ಉಳಿದದ್ದು ನಿನಗೆ ಗೊತ್ತು. ಬಾವುಟ, ನಾಣ್ಯ, ದೇಶಕ್ಕೊಂದು ಹೆಸರು,
ಸುತ್ತಿಗೆಯಿಂದ ನೆಲ ತಟ್ಟಿ ಕಿವಿಗೊಟ್ಟ ಕೆಂಪು ಮೂತಿಯವರು.
ನೀರು ಕೇಳಿದ್ದೆವು, ಕಪ್ಪಗಿನದು ಬಂತು.
ಗಾನಿಮನ ಕಾಲಿಗೆ ಬೂಟು ಬಂತು; ಬೂಟಿಗೆ ಬೆರಳಿಲ್ಲ.
ಕೊನೆಗೆ ಗಾಲಿಕುರ್ಚಿ: ಅಂಗಳದ ಮರಳಲ್ಲಿ ಎರಡು ಗೆರೆ,
ನಡುವೆ ತಳ್ಳುವವನ ಚಪ್ಪಲಿ.
ದಿನವೂ ತೆಂಕಣ ಬಾಗಿಲವರೆಗೆ ಹೋಗಿ
ನಿಂತು, ವಾಪಸು.
ಈಗ ಉಪ್ಪುನೆಲ ಆ ಕಡೆಗಿತ್ತು.

ಗೋರಿಯ ತಲೆಗೊಂದು ಕಲ್ಲು, ಹೆಸರಿಲ್ಲ; ನಮ್ಮಲ್ಲಿ ಹಾಗೇ.
ಹೂತ ಸಂಜೆ ಹೋಗಿ ಬಾಗಿ ನೋಡಿದೆ, ಅಭ್ಯಾಸಬಲ.
ಹೆಗಲು ಕೊಟ್ಟವರ ಹಿಮ್ಮಡಿ
ಅಷ್ಟೇನೂ ಇಳಿದಿರಲಿಲ್ಲ.

ಹೊರಟೆಯಾ? ಡಾಂಬರಿನ ಮೇಲೆ ಬೇಡ,
ಈ ಕಡೆಯಿಂದ, ಮರಳಿನ ಮೇಲೆ ಹೋಗು.
ಬರುವಾಗಿನ ನಿನ್ನ ಹೆಜ್ಜೆ ನೋಡಿಟ್ಟಿದ್ದೇನೆ.
ಹೋಗುವಾಗಿನದನ್ನೂ ನೋಡಬೇಕು.